ಬ್ಯಾಡ ಅಂದದ್ದು ಯಾರು?

ಆ ಮದುವೆ ಬೇಡ ಅಂದದ್ದು ನಮ್ಮಕ್ಕ. ಹುಡುಗ ಅಲ್ಲ, ಹುಡುಗನ ಮನೆಯವರಲ್ಲ, ನಮ್ಮಪ್ಪನೂ ಅಲ್ಲ. ಅಕ್ಕ. ಈ ಮಾತನ್ನ ಎಲ್ಲಕ್ಕಿಂತ ಮೊದಲು ಹೇಳಬೇಕು ಅನ್ನೋ ಕರಾರಿನ ಮೇಲೆ ಈ ಬರಹ ಬರೀತಿದೀನಿ. ಕರಾರು ಯಾರದ್ದು, ಯಾಕೆ ಅನ್ನೋದು ಆಮೇಲೆ. ಮೊದಲು ಹಾಡಿನ ವಿಷಯ.

2017ರ ಫೆಬ್ರವರಿಯಲ್ಲಿ ಮರಾಯಾ ಕ್ಯಾರಿ ‘ಐ ಡೋಂಟ್’ ಅನ್ನೋ ಹಾಡು ಬಿಟ್ಟಳು. ಅದಕ್ಕೆ ಒಂದು ವರ್ಷ ಹಿಂದೆ, 2016ರ ಜನವರಿಯಲ್ಲಿ, ಆಸ್ಟ್ರೇಲಿಯಾದ ಕೋಟ್ಯಧಿಪತಿ ಜೇಮ್ಸ್ ಪ್ಯಾಕರ್ ಜೊತೆ ಅವಳ ನಿಶ್ಚಿತಾರ್ಥ ಆಗಿತ್ತು. ಉಂಗುರದ ಕಲ್ಲು 35 ಕ್ಯಾರಟ್‌ದು ಅಂತ ಪೇಪರ್‌ನವರು ಅಳತೆ ಸಮೇತ ಬರೆದಿದ್ದರು. ಅದೇ ವರ್ಷ ಅಕ್ಟೋಬರ್ ಹೊತ್ತಿಗೆ ಎಲ್ಲ ಮುಗಿದಿತ್ತು. ಮೂರ್ನಾಲ್ಕು ತಿಂಗಳಲ್ಲಿ ಹಾಡು ಬಂತು. ವಿಡಿಯೋದಲ್ಲಿ ಮರಾಯಾ ಮದುವೆಯ ಬಿಳಿ ಗೌನನ್ನ ಬೆಂಕಿಗೆ ಹಾಕ್ತಾಳೆ. ಹಾಡಿನಲ್ಲಿ ಪ್ಯಾಕರ್ ಹೆಸರು ಬರೋದಿಲ್ಲ. ಬರಬೇಕಾದ ಅಗತ್ಯವೂ ಇರಲಿಲ್ಲ.

ಇಂಥ ಹಾಡಿಗೆ ರ್‍ಯಾಪ್ ಲೋಕದಲ್ಲಿ ಡಿಸ್ ಅಂತಾರೆ. ಹೆಸರು ಹಿಡಿದೋ ಹಿಡಿಯದೆಯೋ ಎದುರಿನವನ ಮಾನ ಹರಾಜು ಹಾಕೋದು. ನಮ್ಮ ಕಡೆ ಇದಕ್ಕೆ ಝಾಡಿಸೋದು ಅಂತೀವಿ. ನಮ್ಮ ಕಡೆ ಅಂದ್ರೆ ಸೇಡಂ ತಾಲೂಕಿನ ಆದಿತ್ಯನಗರ, ಮಳಖೇಡದ ಮಗ್ಗುಲಿನ ಸಿಮೆಂಟ್ ಕಾರ್ಖಾನೆಯ ಕಾಲೊನಿ. ‘ಕವಿರಾಜಮಾರ್ಗ’ ಹುಟ್ಟಿದ್ದು ರಾಷ್ಟ್ರಕೂಟರ ಮಾನ್ಯಖೇಟದಲ್ಲಿ, ಅಂದ್ರೆ ಇದೇ ಮಳಖೇಡದಲ್ಲಿ, 9ನೇ ಶತಮಾನದಲ್ಲಿ. ಕಾವ್ಯದಲ್ಲಿ ಯಾವುದು ಗುಣ, ಯಾವುದು ದೋಷ ಅಂತ ಕನ್ನಡದಲ್ಲಿ ಮೊದಲು ಕೂತು ಲೆಕ್ಕ ಹಾಕಿದ ಪುಸ್ತಕ ನಮ್ಮೂರ ಪಕ್ಕದ್ದು. ಆ ಧೈರ್ಯದ ಮೇಲೆ ನಾನೂ ಒಂದು ಪಾಪ್ ಹಾಡಿನ ಗುಣದೋಷ ಹೇಳೋಕೆ ಕೂತಿದೀನಿ ಅಂದ್ಕೊಳ್ಳಿ.

ಮೊದಲು ಗುಣ. ಹಾಡಿನ ಹೆಸರಲ್ಲೇ ಒಂದು ಚಮತ್ಕಾರ ಇದೆ. ಚರ್ಚಿನ ಮದುವೆಯಲ್ಲಿ ಪಾದ್ರಿ ಕೇಳ್ತಾರೆ, ಹುಡುಗಿ ‘ಐ ಡೂ’ ಅಂತಾಳೆ. ಆ ಎರಡು ಶಬ್ದ ಹೇಳೋತನಕ ಮದುವೆ ಆಗೋದಿಲ್ಲ. ಮರಾಯಾ ಅದನ್ನೇ ತಿರುಗಿಸಿ ‘ಐ ಡೋಂಟ್’ ಅಂದಳು. ಪ್ರೀತಿಯೂ ಇಲ್ಲ, ಮದುವೆಯೂ ಇಲ್ಲ, ಎರಡಕ್ಕೂ ಒಂದೇ ಉತ್ತರ.

ಇದನ್ನ ಕೇಳಿದಾಗ ನಂಗೆ ಹೊಳೆದದ್ದು ಏನಂದ್ರೆ, ನಮ್ಮ ಮದುವೆಗಳಲ್ಲಿ ಹುಡುಗಿಗೆ ಹೇಳೋಕೆ ಒಂದು ಸಾಲೂ ಇಲ್ಲ. ಐನೋರು ಮಂತ್ರ ಹೇಳ್ತಾರೆ, ಮಾವಂದಿರು ಕೂಗ್ತಾರೆ, ಬ್ಯಾಂಡಿನವರು ಬಾರಿಸ್ತಾರೆ, ಸಾವಿರ ಜನ ಅಕ್ಕಿಕಾಳು ಹಾಕ್ತಾರೆ. ನಡುವೆ ತಲೆ ತಗ್ಗಿಸಿ ಕೂತಾಕಿ ಬಾಯಿ ಬಿಡದೇನೇ ಮದುವೆ ಮುಗಿದಿರ್ತದೆ. ಆಮೇಲೆ ಹೆಂಗಸರು ಒತ್ತಾಯ ಮಾಡಿ ಒಡಪು ಹೇಳಿಸ್ತಾರಲ್ಲ, ಗಂಡನ ಹೆಸರು ಸೇರಿಸಿ ಎರಡು ಸಾಲು, ಮದುಮಗಳ ದನಿ ಕೇಳೋದು ಅವಾಗಲೇ. ಅಷ್ಟೊತ್ತಿಗೆ ತಾಳಿ ಬಿದ್ದು ತಾಸಾಗಿರ್ತದೆ. ‘ಹೂಂ’ ಅನ್ನೋಕೇ ಜಾಗ ಇಲ್ಲದ ಕಡೆ ‘ಊಹೂಂ’ ಅನ್ನೋಕೆ ಎಲ್ಲಿಂದ ಜಾಗ?

ಎರಡನೇ ಗುಣ ಇನ್ನೂ ಸೂಕ್ಷ್ಮದ್ದು. ‘ಐ ಡೋಂಟ್’ ಹಾಡಿನ ತಳದಲ್ಲಿ ಒಂದು ಹಳೇ ಹಾಡು ಹರಿತಾ ಇರುತ್ತೆ. ಡೊನೆಲ್ ಜೋನ್ಸ್ ಅನ್ನೋ ಗಾಯಕ 1999ರಲ್ಲಿ ಹಾಡಿದ ‘ವೇರ್ ಐ ವಾನಾ ಬಿ’. ಅದರಲ್ಲಿ ಗಂಡಸೊಬ್ಬ ತನ್ನ ಹುಡುಗಿಗೆ ಬಹಳ ನಯವಾಗಿ ಹೇಳ್ತಾನೆ: ನಿನ್ನ ಮೇಲೆ ಪ್ರೀತಿ ಇದೆ, ಆದ್ರೂ ಹೋಗಬೇಕು, ನನ್ನ ನಾನು ಹುಡುಕಿಕೊಳ್ಳಬೇಕು. ಅಷ್ಟು ಮೆತ್ತಗೆ ಹೇಳಿ ಬಾಗಿಲು ದಾಟ್ತಾನೆ. ಹದಿನೆಂಟು ವರ್ಷದ ಮೇಲೆ ಅದೇ ನಾದವನ್ನ ಒಬ್ಬ ಹೆಂಗಸು ಎತ್ತಿಕೊಂಡು ಬಾಗಿಲು ತಾನೇ ಹಾಕ್ತಾಳೆ. ಹಳೇ ಹಾಡು ಗೊತ್ತಿದ್ದವರಿಗೆ ಈ ಹೊಸ ಹಾಡು ಒಂದು ಉತ್ತರ. ಬಿಟ್ಟು ಹೋಗುವವನ ರಾಗದಲ್ಲೇ ಬಿಟ್ಟವಳ ಮಾತು. ನನ್ನ ಪ್ರಕಾರ ಗೌನ್ ಸುಡೋದಕ್ಕಿಂತ ಇದೇ ದೊಡ್ಡ ಡಿಸ್.

ಇನ್ನು ದೋಷ. ಹಾಡಿನೊಳಗೆ ವೈಜಿ ಬರ್ತಾನೆ. ಕ್ಯಾಲಿಫೋರ್ನಿಯಾದ ಕಾಂಪ್ಟನ್‌ನ ರ್‍ಯಾಪರ್. ಪಾಪ್ ಹಾಡಿನ ನಡುವೆ ರ್‍ಯಾಪರ್ ಬಂದು ಹೋಗೋ ಪದ್ಧತಿ ಬೆಳೆಸಿದವರಲ್ಲಿ ಮರಾಯಾನೇ ಮುಂಚೂಣಿಯವಳು. 1995ರಲ್ಲಿ ‘ಫ್ಯಾಂಟಸಿ’ ಹಾಡಿನ ರೀಮಿಕ್ಸ್‌ಗೆ ವು-ಟ್ಯಾಂಗ್ ಕ್ಲ್ಯಾನ್‌ನ ಓಲ್ ಡರ್ಟಿ ಬಾಸ್ಟರ್ಡ್‌ನ ಕರೆತಂದಿದ್ದಳು. ನಯವಾದ ದನಿಯ ಪಾಪ್ ರಾಣಿ, ಪಕ್ಕದಲ್ಲಿ ಒರಟು ಗಂಟಲಿನ ಆಸಾಮಿ. ಈ ಜೋಡಿ ಎಷ್ಟು ಹಿಟ್ ಆಯ್ತು ಅಂದ್ರೆ ಇವತ್ತು ನಮ್ಮ ಸಿನಿಮಾ ಹಾಡುಗಳಲ್ಲೂ ಎರಡನೇ ಚರಣ ಮುಗಿದ ಮೇಲೆ ಯಾರೋ ಒಬ್ಬ ಬಂದು ‘ಯೋ’ ಅಂದು ಹೋಗದಿದ್ರೆ ಏನೋ ಕಡಿಮೆ ಅನ್ನಿಸುತ್ತೆ.

‘ಫ್ಯಾಂಟಸಿ’ಯಂಥ ಖುಷಿಯ ಹಾಡಿಗೆ ಅದು ಸರಿ. ಸಂಬಂಧ ಮುರಿದ ಹಾಡಿನಲ್ಲಿ ಗಂಡಸಿನ ದನಿ ಬಂದರೆ ಲೆಕ್ಕ ಬದಲಾಗುತ್ತೆ. ಹೆಂಗಸೊಬ್ಬಳು ಮನೆ ಬಾಗಿಲು ಹಾಕಿ ನಿಂತು ಬೈತಾ ಇದ್ದಾಳೆ, ಅಷ್ಟರಲ್ಲಿ ಪಕ್ಕದ ಮನೆಯ ಗಂಡಸು ಬಂದು ಅವಳ ಬಾಜೂಕ್ಕೆ ನಿಂತು ತಾನೂ ಜೋರಾಗಿ ಬೈಯೋಕೆ ಶುರು ಮಾಡಿದ ಅಂದ್ಕೊಳ್ಳಿ. ಅವನ ಉದ್ದೇಶ ಒಳ್ಳೇದೇ ಇರಬಹುದು. ಆದ್ರೆ ಓಣಿಯ ಜನ ಅವಳ ಕಡೆ ನೋಡೋದು ಬಿಟ್ಟು ಅವನ ಕಡೆ ನೋಡ್ತಾರೆ. ಜಗಳ ಈಗ ಇಬ್ಬರು ಗಂಡಸರ ನಡುವಿನದ್ದಾಯ್ತು. ವೈಜಿ ಕೆಟ್ಟದಾಗಿ ರ್‍ಯಾಪ್ ಮಾಡಿದ್ದಾನೆ ಅಂತ ಅಲ್ಲ. ಆ ಹಾಡಿನಲ್ಲಿ ಅವನಿಗೆ ಏನು ಕೆಲಸ ಅಂತ ಹಾಡು ಹೇಳೋದಿಲ್ಲ, ಅದು ನನ್ನ ತಕರಾರು.

ಕೆಲವು ವಾರಗಳಲ್ಲಿ ರೀಮಿಕ್ಸ್ ಬಂತು. ವೈಜಿ ಜೊತೆಗೆ ಈ ಸಲ ರೆಮಿ ಮಾ ಕೂಡ. ನ್ಯೂಯಾರ್ಕಿನ ಬ್ರಾಂಕ್ಸ್‌ನ ರ್‍ಯಾಪರ್, ನಾಲಿಗೆ ಅಂದ್ರೆ ಕುಡುಗೋಲು. ಕಾಗದದ ಮೇಲೆ ಇದು ಭಾರಿ ಒಳ್ಳೇ ಐಡಿಯಾ. ಹಾಡುವವಳು ಹೆಂಗಸು, ರ್‍ಯಾಪ್ ಮಾಡುವವಳೂ ಹೆಂಗಸು. ಗಂಡಸಿನ ದನಿ ತೆಗೆಯೋಕೆ ಆಗದಿದ್ರೂ ತಕ್ಕಡಿಯ ಈ ಕಡೆ ಒಂದು ಕಲ್ಲು ಇಟ್ಟಂತೆ.

ಆದ್ರೆ ತಾರೀಖು ನೋಡಿ. 2017ರ ಫೆಬ್ರವರಿ ಕೊನೆಯಲ್ಲಿ ಇದೇ ರೆಮಿ ಮಾ ‘ಶೀಥರ್’ ಅನ್ನೋ ಡಿಸ್ ಹಾಡಿನಲ್ಲಿ ನಿಕಿ ಮಿನಾಜ್‌ಳನ್ನ ಏಳು ನಿಮಿಷ ಝಾಡಿಸಿದ್ದಳು. ಮಾರ್ಚ್‌ನಲ್ಲಿ ನಿಕಿ ‘ನೋ ಫ್ರಾಡ್ಸ್’ ಅಂತ ಉತ್ತರ ಕೊಟ್ಟಿದ್ದಳು. ಆ ನಿಕಿಗೂ ಮರಾಯಾಗೂ 2013ರ ಸುಮಾರಿಗೆ ‘ಅಮೆರಿಕನ್ ಐಡಲ್’ ಶೋನಲ್ಲಿ ಜಡ್ಜ್ ಕುರ್ಚಿಯಲ್ಲಿ ಅಕ್ಕಪಕ್ಕ ಕೂತಾಗಲೇ ಹಾವು ಮುಂಗುಸಿ. ಇಂಥ ಹೊತ್ತಲ್ಲಿ ಮರಾಯಾ ಹಾಡಿಗೆ ರೆಮಿ ಬಂದ್ರೆ ಕೇಳುವವರ ತಲೆಯಲ್ಲಿ ಪ್ಯಾಕರ್ ಇರ್ತಾನಾ? ನಿಕಿ ಇರ್ತಾಳೆ. ಮದುವೆ ಮುರಿದ ಹಾಡು ಹೋಗಿ ಮೂವರು ಹೆಂಗಸರ ಜಗಳದ ಹಾಡು ಆಗಿಬಿಡ್ತು. ಗಂಡಸು ಹಿತ್ತಲ ಬಾಗಿಲಿಂದ ಆರಾಮಾಗಿ ಹೊರಟುಹೋದ.

ನಮ್ಮ ಮನೆಯಲ್ಲಿ ಆ ವರ್ಷ ನಡೆದದ್ದೂ ಹೆಚ್ಚುಕಡಿಮೆ ಇದೇ. ಅದಕ್ಕೇ ಈ ಹಾಡು ನನ್ನ ಬಿಡ್ತಿಲ್ಲ.

2017ರಲ್ಲಿ ನಾನು ಕಲಬುರಗಿಯಲ್ಲಿ ಎಂಜಿನಿಯರಿಂಗ್ ಓದ್ತಿದ್ದೆ. ಅಕ್ಕ ಹೈದರಾಬಾದಿನಲ್ಲಿ ಕೆಲಸದಲ್ಲಿದ್ದಳು. ಜನವರಿಯಲ್ಲಿ ಅವಳ ಎಂಗೇಜ್ಮೆಂಟ್ ಆಗಿತ್ತು. ಮೇ ತಿಂಗಳಲ್ಲಿ, ಕಾಲೊನಿಯ ಡಾಂಬರು ಕರಗೋ ಬಿಸಿಲಲ್ಲಿ, ಅವ್ವ ಫೋನ್ ಮಾಡಿ ಒಂದೇ ಮಾತು ಹೇಳಿದಳು: ‘ಸಂಬಂಧ ಮುರೀತಪ್ಪ.’

ಈ ‘ಮುರೀತು’ ಅನ್ನೋ ಕ್ರಿಯಾಪದ ನೋಡಿ. ಮುರಿದವರು ಯಾರು ಅಂತ ಅದರಲ್ಲಿ ಇಲ್ಲ. ಬಿರುಗಾಳಿಗೆ ಬೇವಿನ ಟೊಂಗೆ ಮುರೀತು ಅಂತೀವಲ್ಲ, ಹಾಗೆ ಸಂಬಂಧ ಮುರೀತು. ‘ತಪ್ಪಿತು’ ಅಂತಾರೆ, ‘ಕೂಡಿ ಬರಲಿಲ್ಲ’ ಅಂತಾರೆ. ಮರ್ಯಾದಸ್ಥರ ಭಾಷೆ. ಕರ್ತೃ ಇಲ್ಲದ ವಾಕ್ಯ. ಮರಾಯಾ ಹಾಡಿನ ಹೆಸರಲ್ಲಿ ಮೊದಲ ಶಬ್ದವೇ ‘ಐ’, ನಾನು. ನಮ್ಮ ಮನೆಯ ವಾಕ್ಯದಲ್ಲಿ ಆ ‘ನಾನು’ ಕಾಣೆಯಾಗಿತ್ತು. ಕರ್ತೃ ಇಲ್ಲದ ಕಡೆ ಜನ ತಮಗೆ ಅಭ್ಯಾಸ ಇರೋ ಕರ್ತೃವನ್ನ ತುಂಬ್ತಾರೆ. ಸಂಬಂಧ ಮುರಿಯೋದು ಗಂಡಿನ ಕಡೆಯವರು, ಮತ್ಯಾರು? ನಾನೂ ಹಾಗೇ ತುಂಬಿದೆ. ಅಕ್ಕನ್ನ ಒಂದು ಮಾತು ಕೇಳಲಿಲ್ಲ.

ಕೇಳೋ ಬದಲು ನಾನು ರ್‍ಯಾಪ್ ಬರೆದೆ.

ನಗಬೇಡಿ. ಇಪ್ಪತ್ತು ವರ್ಷದ ಹುಡುಗ, ಹಾಸ್ಟೆಲಿನಲ್ಲಿ ಎಮಿನೆಮ್ ಕೇಳಿದವ, ಚಂದನ್ ಶೆಟ್ಟಿ ಹಾಡು ಬಾಯಿಪಾಠ ಇದ್ದವ. ಗಣಪತಿ ಮೆರವಣಿಗೆಗೆ ಡಿಜೆ ಬಾಡಿಗೆ ಕೊಡೋ ಗೆಳೆಯನ ರೂಮಿನಲ್ಲಿ ಕೂತು, ಡೌನ್‌ಲೋಡ್ ಮಾಡಿದ ಬೀಟ್ ಮೇಲೆ ಒಂದೂವರೆ ನಿಮಿಷದ ಡಿಸ್ ರೆಕಾರ್ಡ್ ಮಾಡಿದೆ. ಹುಡುಗನ ಹೆಸರು ಇರಲಿಲ್ಲ, ಆದ್ರೆ ಅವನ ಗಾಡಿ, ಗಡ್ಡ, ಊರಿನ ದಾರಿ ಎಲ್ಲ ಇತ್ತು. ನಮ್ಮಕ್ಕನ್ನ ನಡುನೀರಲ್ಲಿ ಬಿಟ್ಟೆಯಲ್ಲೋ ಅನ್ನೋದು ಪಲ್ಲವಿ. ಕಾಲೊನಿಯ ಕ್ರಿಕೆಟ್ ವಾಟ್ಸ್ಯಾಪ್ ಗ್ರೂಪಿಗೆ ಹಾಕಿದೆ. ಸಂಜೆಯೊಳಗೆ ಸೇಡಂ ಮುಟ್ಟಿತ್ತು. ಮರುದಿನ ಹುಡುಗನ ಊರು.

ಆಮೇಲೆ ಆಗಿದ್ದು ಸಣ್ಣದಾಗಿ ಹೇಳ್ತೀನಿ. ಉಂಗುರ, ಬಟ್ಟೆ, ಖರ್ಚಿನ ಲೆಕ್ಕ ಎಲ್ಲ ಹಿರಿಯರು ಕೂತು ಶಾಂತವಾಗಿ ಮುಗಿಸೋ ಹಂತದಲ್ಲಿತ್ತು. ಅದು ನಿಂತುಹೋಯ್ತು. ಹುಡುಗನ ಸೋದರಮಾವ ಫೋನ್ ಮಾಡಿ ಅಪ್ಪನಿಗೆ ಅನ್ನಬಾರದ್ದು ಅಂದ. ಸಂಬಂಧ ತಂದಿದ್ದ ಅತ್ತಿಗೂ ನಮ್ಮ ಕಾಕಿಗೂ ಜಗಳ ಹತ್ತಿತು, ‘ನೀ ತಂದ ಸಂಬಂಧ’, ‘ನಿನ್ನ ಬಾಯಿಂದ ಕೆಟ್ಟದ್ದು’ ಅಂತ. ಎರಡು ವರ್ಷ ಅವರಿಬ್ಬರು ಮಾತಾಡಲಿಲ್ಲ. ಹುಡುಗನ ಹೆಸರು ಆ ಜಗಳದಲ್ಲಿ ಒಮ್ಮೆಯೂ ಬಂದ ನೆನಪಿಲ್ಲ. ರೀಮಿಕ್ಸ್ ಅಂದ್ರೆ ಇದೇ ಅಲ್ವಾ? ಕಾಲೊನಿಯ ಹೆಂಗಸರು ಒಬ್ಬೊಬ್ಬರೇ ಮನೆಗೆ ಬಂದು ಅಕ್ಕನ ಗದ್ದ ಹಿಡಿದು ‘ಪಾಪ’ ಅಂದು ಹೋದರು.

ಅಕ್ಕ ಹೈದರಾಬಾದಿನಿಂದ ಬಂದಿದ್ದಳು. ಇಯರ್‌ಫೋನ್ ಹಾಕಿಕೊಂಡು ನನ್ನ ಹಾಡನ್ನ ಎರಡು ಸಲ ಕೇಳಿದಳು. ಬೈತಾಳೆ ಅಂತ ನಾನು ಅಂಗಳದಲ್ಲೇ ನಿಂತಿದ್ದೆ.

‘ಬೀಟ್ ಚಲೋ ಅದ’ ಅಂದಳು.

ನಾನು ಸುಮ್ಮನಿದ್ದೆ.

‘ಖರೇ ಹೇಳು ತಮ್ಮಾ, ಇದ್ರಾಗ ನಾ ಎಲ್ಲಿದೀನಿ?’

‘ನಿನ್ನ ಸಲುವಾಗೇ ಮಾಡೀನಲ್ಲಕ್ಕಾ.’

‘ಬ್ಯಾಡ ಅಂದಾಕಿ ನಾನು. ನಾ ಫೋನ್ ಮಾಡಿ ಅವಗ ಹೇಳೀನಿ, ಅಪ್ಪಗ ಹೇಳೀನಿ. ನಿನ್ನ ಹಾಡಿನ್ಯಾಗ ಅವ ನನ್ನ ಬಿಟ್ಟು ಹೋಗ್ಯಾನ, ನಾ ಕುಂತು ಅಳ್ಲತ್ತೀನಿ. ನಾ ಯಾವಾಗ ಅತ್ತೀನಿ ಹೇಳು?’

ನಂಗೆ ಉತ್ತರ ಬರಲಿಲ್ಲ. ಮೇ ತಿಂಗಳಿಡೀ ಅವಳು ಅತ್ತದ್ದನ್ನ ನಾನು ನೋಡಿರಲಿಲ್ಲ. ನೋಡದೇನೇ ಬರೆದಿದ್ದೆ. ಯಾಕಂದ್ರೆ ನಾನು ಕೇಳಿದ ಹಾಡುಗಳಲ್ಲೆಲ್ಲ ಸಂಬಂಧ ಮುರಿದ್ರೆ ಹೆಂಗಸು ಅಳಬೇಕು, ಇಲ್ಲಾ ಮೋಸಗಾತಿ ಆಗಬೇಕು. ಮೂರನೇ ಪಾತ್ರ ಇರಲಿಲ್ಲ. 2011ರ ‘ಕೊಲವೆರಿ’ಯಿಂದ ಹಿಡಿದು, ಬಾಟಲಿ ಹಿಡಿದ ನಮ್ಮ ಸಿನಿಮಾ ಹೀರೋಗಳ ಹಾಡುಗಳು, ಜಾತ್ರೆಯ ಡಿಜೆಗಳಲ್ಲಿ ಒದರೋ ಜಾನಪದ ಧಾಟಿಯ ಲವ್ ಫೇಲ್ಯೂರ್ ಹಾಡುಗಳು, ಎಲ್ಲದರಲ್ಲೂ ಹಾಡುವವ ಗಂಡಸು, ಬಿಟ್ಟುಹೋದಾಕಿ ಹೆಂಗಸು. ಅವಳು ಯಾಕೆ ಹೋದಳು ಅಂತ ಅವಳ ಬಾಯಿಂದ ಕೇಳಿಸಿಕೊಂಡ ಹಾಡು ನಂಗೆ ನೆನಪಾಗೋದಿಲ್ಲ. ನನ್ನ ರ್‍ಯಾಪ್ ಅದೇ ಅಚ್ಚಿನದ್ದು. ಅಕ್ಕನ ಪರವಾಗಿ ಬರೆದೆ ಅಂದ್ಕೊಂಡು ಅವಳ ‘ಬ್ಯಾಡ’ವನ್ನ ಅಳಿಸಿ ಹಾಕಿದ್ದೆ.

ಆಮೇಲೆ, ಮಾಫಿ ಕೇಳೋ ನೆಪದಲ್ಲಿ, ಅವಳಿಗೆ ‘ಐ ಡೋಂಟ್’ ವಿಡಿಯೋ ತೋರಿಸಿದೆ. ಗೌನ್ ಸುಡೋ ದೃಶ್ಯ ಬಂದಾಗ ಅಕ್ಕ, ‘ಅಷ್ಟು ತುಟ್ಟಿ ಅರಿವಿ ಯಾಕ ಸುಡಬೇಕು? ಮಾರಿದ್ರ ರೊಕ್ಕರ ಬರ್ತಿತ್ತು’ ಅಂದಳು. ತನ್ನ ಎಂಗೇಜ್ಮೆಂಟಿನ ಸೀರೆಯನ್ನ ಅವಳು ಇಸ್ತ್ರಿ ಮಾಡಿಸಿ, ಪ್ಲಾಸ್ಟಿಕ್ ಕವರಿಗೆ ಹಾಕಿ ವಾಪಸ್ ಕಳಿಸಿದ್ದಳು. ಅದೂ ಒಂದು ಡಿಸ್ಸೇ ಅಂತ ನಂಗೆ ಈಗ ಅನ್ನಿಸುತ್ತೆ.

ಹಾಗಾದ್ರೆ ಇಂಥ ಹಾಡಿನಲ್ಲಿ ಎರಡನೇ ದನಿಗೆ ಜಾಗವೇ ಇಲ್ವಾ? ಇದೆ. ನಮ್ಮ ಉತ್ತರ ಕರ್ನಾಟಕದಲ್ಲೇ ಅದಕ್ಕೆ ಒಂದು ಪೂರ್ತಿ ಪದ್ಧತಿ ಇದೆ, ಹರದೇಶಿ–ನಾಗೇಶಿ. ಜಾತ್ರೆಯಲ್ಲಿ ರಾತ್ರಿಯಿಡೀ ಎರಡು ಮೇಳ ಎದುರುಬದುರು. ಹರದೇಶಿಯವರು ಗಂಡು ಹೆಚ್ಚು ಅಂತ ವಾದಿಸ್ತಾರೆ, ನಾಗೇಶಿಯವರು ಹೆಣ್ಣು ಹೆಚ್ಚು ಅಂತ. ಇದರ ಬೇರು ಲಾವಣಿಯ ತುರಾಯಿ–ಕಲ್ಗಿ ಪಂಥಗಳಲ್ಲಿದೆ. ಒಂದು ಶಿವನ ಕಡೆ, ಒಂದು ಶಕ್ತಿಯ ಕಡೆ. ದಪ್ಪು, ತುಂತುಣಿ ಬಾರಿಸ್ತಾ ಒಂದು ಮೇಳ ಹಾಡಿನಲ್ಲಿ ಸವಾಲು ಹಾಕುತ್ತೆ, ಇನ್ನೊಂದು ಹಾಡಿನಲ್ಲೇ ಜವಾಬು ಕೊಡಬೇಕು. ಪುರಾಣದಿಂದ ಹಿಡಿದು ಅಡುಗೆಮನೆಯ ತನಕ ಎಲ್ಲ ಎಳೆದು ತರ್ತಾರೆ. ಬೈಗುಳಕ್ಕೆ ಕೊರತೆ ಇಲ್ಲ, ಚುಡಾಯಿಸೋದಕ್ಕೆ ಮಿತಿ ಇಲ್ಲ. ಅಮೆರಿಕದ ರ್‍ಯಾಪ್ ಬ್ಯಾಟಲ್ ಹುಟ್ಟೋಕೆ ಬಹಳ ಮೊದಲೇ ನಮ್ಮ ಹಳ್ಳಿಗಳಲ್ಲಿ ಇದು ನಡೆದಿತ್ತು.

ಇದರಲ್ಲಿ ನಂಗೆ ಮುಖ್ಯ ಅನ್ನಿಸೋದು ಬೈಗುಳ ಅಲ್ಲ, ಸರದಿ. ಹರದೇಶಿಯವ ಎಷ್ಟೇ ಜೋರಾಗಿ ಹಾಡಲಿ, ಅವನ ಸರದಿ ಮುಗೀಬೇಕು. ನಾಗೇಶಿಯಾಕಿ ಎದ್ದು ನಿಂತಾಗ ಅವನು ಕೂತು ಕೇಳಬೇಕು. ಅವಳ ಪರವಾಗಿ ಅವನು ಹಾಡೋ ಹಾಗಿಲ್ಲ. ‘ಐ ಡೋಂಟ್’ನಲ್ಲಿ ವೈಜಿಗೆ ಸರದಿ ಸಿಗ್ತು, ಆದ್ರೆ ಅವನು ಯಾರ ಸವಾಲಿಗೆ ಜವಾಬು ಕೊಡ್ತಿದಾನೆ ಅಂತ ಗೊತ್ತಾಗಲಿಲ್ಲ. ನನ್ನ ರ್‍ಯಾಪಿನಲ್ಲಂತೂ ಅಕ್ಕನಿಗೆ ಸರದಿಯೇ ಇರಲಿಲ್ಲ. ನಾನೇ ಸವಾಲು, ನಾನೇ ಜವಾಬು.

2023ರ ಜನವರಿಯಲ್ಲಿ ಶಕೀರಾಳ ಹಾಡು ಬಂದಾಗ ಈ ಸರದಿಯ ವಿಷಯ ಮತ್ತೆ ತಲೆಗೆ ಬಂತು. 2010ರ ವರ್ಲ್ಡ್ ಕಪ್‌ನ ‘ವಾಕಾ ವಾಕಾ’ಗೆ ನಮ್ಮ ಕಾಲೊನಿ ಶಾಲೆಯ ಗ್ಯಾದರಿಂಗ್‌ನಲ್ಲಿ ಕುಣಿಯದವರಿಲ್ಲ. ಆ ವಿಡಿಯೋದಲ್ಲೇ ಸ್ಪೇನಿನ ಫುಟ್ಬಾಲಿಗ ಜೆರಾರ್ಡ್ ಪಿಕೆ ಕೂಡ ಇದ್ದ. ಇಬ್ಬರೂ ಜೊತೆಯಾದರು, ಇಬ್ಬರು ಗಂಡುಮಕ್ಕಳಾದರು, 2022ರ ಜೂನ್‌ನಲ್ಲಿ ಬೇರೆಯಾದ ಸುದ್ದಿ ಬಂತು. ಏಳು ತಿಂಗಳ ಮೇಲೆ ಶಕೀರಾ ಅರ್ಜೆಂಟೀನಾದ ಬಿಝರ್ರಾಪ್ ಅನ್ನೋ ಹುಡುಗನ ಸ್ಟುಡಿಯೋಕ್ಕೆ ಹೋದಳು. ಅವನು ರಸ್ತೆಬದಿಯ ರ್‍ಯಾಪ್ ಬ್ಯಾಟಲ್‌ಗಳ ವಿಡಿಯೋ ಎಡಿಟ್ ಮಾಡ್ತಾ ಹೆಸರು ಮಾಡಿದವ. ಅವನ ‘ಮ್ಯೂಸಿಕ್ ಸೆಶನ್ಸ್’ ಸರಣಿಯ 53ನೆಯದು ಶಕೀರಾಳದ್ದು. ಮೊದಲ 24 ಗಂಟೆಯಲ್ಲಿ ಯೂಟ್ಯೂಬಿನಲ್ಲಿ 6 ಕೋಟಿಗಿಂತ ಹೆಚ್ಚು ಸಲ ನೋಡಿದರು. ಅದೇ ವರ್ಷ ನವೆಂಬರಿನಲ್ಲಿ ವರ್ಷದ ಹಾಡು ಅಂತ ಲ್ಯಾಟಿನ್ ಗ್ರ್ಯಾಮಿ ಬಂತು.

ಆ ವಿಡಿಯೋ ನೋಡಿ. ಶಕೀರಾ ಮೈಕ್ ಮುಂದೆ. ಹಿಂದೆ ಕಂಪ್ಯೂಟರ್ ಮುಂದೆ ಟೋಪಿ, ಕಪ್ಪು ಕನ್ನಡಕ ಹಾಕಿದ ಬಿಝರ್ರಾಪ್. ತಲೆ ಆಡಿಸ್ತಾನೆ, ಬಟನ್ ಒತ್ತುತಾನೆ, ಅಷ್ಟೇ. ಒಂದು ಚರಣ ಹಾಡೋದಿಲ್ಲ, ರ್‍ಯಾಪ್ ಮಾಡೋದಿಲ್ಲ. ರ್‍ಯಾಪಿನ ಬಿರುಸು ಬೇಕಾದಲ್ಲಿ ಅದನ್ನೂ ಅವಳೇ ಮಾಡ್ತಾಳೆ. ಅವನ ಕೆಲಸ ದಪ್ಪು ಬಾರಿಸೋದು. ನಾಗೇಶಿ ಮೇಳದಲ್ಲೂ ಹಿಮ್ಮೇಳದವರು ಇರ್ತಾರಲ್ಲ, ಹಾಗೆ. ಸಹಾಯ ಮಾಡೋ ಗಂಡಸು ಹೇಗಿರಬೇಕು ಅಂತ ಯಾರಾದ್ರೂ ಕೇಳಿದ್ರೆ ನಾನು ಈ ವಿಡಿಯೋ ತೋರಿಸ್ತೀನಿ. ಬೀಟ್ ಕೊಡಬೇಕು, ಬಾಯಿ ಮುಚ್ಚಬೇಕು.

ಹಾಗಂತ ಆ ಹಾಡಿನಲ್ಲಿ ದೋಷ ಇಲ್ಲ ಅಂತಲ್ಲ. ಪಿಕೆಯ ಹೊಸ ಗೆಳತಿಯ ಹೆಸರು ಕ್ಲಾರಾ. ‘ಸ್ಪಷ್ಟವಾಗಿ’ ಅನ್ನೋದಕ್ಕೆ ಸ್ಪ್ಯಾನಿಷ್‌ನಲ್ಲಿ ‘ಕ್ಲಾರಾಮೆಂಟೆ’. ಶಕೀರಾ ಆ ಶಬ್ದವನ್ನ ನಡುವೆ ಮುರಿದು ಹಾಡಿ ಹೆಸರನ್ನ ಬಯಲಿಗೆ ತಂದಳು. ಪದದ ಆಟ ಅಂತ ನೋಡಿದ್ರೆ ಭೇಷ್. ಆದ್ರೆ ಆಮೇಲೆ ಫೆರಾರಿ ಕೊಟ್ಟು ಟ್ವಿಂಗೋ ತಗೊಂಡೆ, ರೋಲೆಕ್ಸ್ ಕೊಟ್ಟು ಕ್ಯಾಸಿಯೋ ತಗೊಂಡೆ ಅನ್ನೋ ಹೋಲಿಕೆ ಬರುತ್ತಲ್ಲ, ಅಲ್ಲಿ ಏಟು ಬಿದ್ದದ್ದು ಯಾರಿಗೆ? ಬಿಟ್ಟವನಿಗಿಂತ ಹೆಚ್ಚು ಬಂದವಳಿಗೆ. ಗಂಡಸು ಕೆಟ್ಟ ವ್ಯಾಪಾರಿ ಆದ, ಅಷ್ಟೇ. ಹೆಂಗಸು ಅಗ್ಗದ ಮಾಲು ಆದಳು. ಮತ್ತೆ ಅದೇ ಹಳೇ ದಾರಿ. ಪಿಕೆ ಕೆಲವೇ ದಿನಗಳಲ್ಲಿ ಕ್ಯಾಸಿಯೋ ತೋರಿಸಿ, ಟ್ವಿಂಗೋದಲ್ಲಿ ಬಂದಿಳಿದು ನಗಿಸಿದ. ಅವನಿಗೆ ನಗೋಕೆ ಆಯ್ತು, ಅದೇ ಸಾಕ್ಷಿ.

ಈ ಹೋಲಿಕೆ ಬಗ್ಗೆ ಅಕ್ಕನ ಅಭಿಪ್ರಾಯ ಬೇರೆ. ನಮ್ಮಪ್ಪ ಕಾರ್ಖಾನೆಯ ಶಿಫ್ಟ್‌ಗೆ ಹಾಕ್ಕೊಂಡು ಹೋಗ್ತಿದ್ದದ್ದು ಒಂದು ಕ್ಯಾಸಿಯೋ. ಸಿಮೆಂಟ್ ಧೂಳು ತಿಂದೂ ಹದಿನಾಲ್ಕು ವರ್ಷ ನಡೆದದ್ದು. ‘ಕ್ಯಾಸಿಯೋಕ್ಕ ಏನಾಗ್ಯಾದ? ಟೈಮ್ ಕರೆಕ್ಟ್ ತೋರಸ್ತದ’ ಅಂದಳು. ಕೋಟಿಗಟ್ಟಲೆ ಸಲ ನೋಡಿದ ವಿಡಿಯೋ ಬಗ್ಗೆ ನಾನು ಕೇಳಿದ ಒಳ್ಳೇ ವಿಮರ್ಶೆ ಇದೇ.

ಕನ್ನಡದಲ್ಲಿ ಇಂಥ ಹಾಡು ಯಾಕೆ ಬರಲಿಲ್ಲ ಅಂತ ಕೇಳಬಹುದು. ಬರೋ ಅವಕಾಶ ಇತ್ತು. ಬಿಗ್ ಬಾಸ್ ಐದನೇ ಸೀಸನ್ ಗೆದ್ದ ಚಂದನ್ ಶೆಟ್ಟಿ, ಅದೇ ಮನೆಯಲ್ಲಿದ್ದ ನಿವೇದಿತಾ ಗೌಡ 2020ರ ಫೆಬ್ರವರಿಯಲ್ಲಿ ಮೈಸೂರಿನಲ್ಲಿ ಮದುವೆಯಾದರು, 2024ರ ಜೂನ್‌ನಲ್ಲಿ ಪರಸ್ಪರ ಒಪ್ಪಿ ವಿಚ್ಛೇದನ ತಗೊಂಡರು. ಕೈಯಲ್ಲೇ ಮೈಕ್ ಇದ್ದ ರ್‍ಯಾಪರ್. ಒಂದು ಡಿಸ್ ಹಾಕಿದ್ರೆ ಕೋಟಿ ವ್ಯೂಸ್ ಗ್ಯಾರಂಟಿ. ಅವರು ಮಾಡಿದ್ದು ಇಬ್ಬರೂ ಒಟ್ಟಿಗೆ ಕೂತು ಒಂದು ಪ್ರೆಸ್ ಮೀಟ್. ಗಾಳಿಸುದ್ದಿಗಳನ್ನ ಇಬ್ಬರೂ ಅಲ್ಲಗಳೆದರು, ಎದ್ದು ಹೋದರು. ನಮ್ಮ ಪಾಪ್ ಚರಿತ್ರೆಯಲ್ಲಿ ಅದು ಸಣ್ಣ ಸಾಧನೆ ಅಲ್ಲ ಅಂತ ನಂಗನ್ನಿಸುತ್ತೆ.

ಆದ್ರೆ ಹಾಡುವವರು ಹಾಡದಿದ್ರೂ ರೀಮಿಕ್ಸ್ ನಿಲ್ಲೋದಿಲ್ಲ. ಆಮೇಲಿನ ಟ್ರೋಲ್‌ಗಳ ಬಹುಪಾಲು ಯಾರ ತಲೆಗೆ ಬಿತ್ತು ಅಂತ ನಿಮಗೂ ಗೊತ್ತು. ಇಬ್ಬರೂ ಕೂಡಿ ತಗೊಂಡ ತೀರ್ಮಾನಕ್ಕೆ ಜನ ತಾವೇ ಒಬ್ಬ ಕರ್ತೃವನ್ನ ಹುಡುಕಿಕೊಂಡು, ಅವಳ ಬಟ್ಟೆ, ಅವಳ ರೀಲ್ಸ್, ಅವಳ ನಗು ಎಲ್ಲದರ ಮೇಲೆ ತಮ್ಮ ತಮ್ಮ ಚರಣ ಸೇರಿಸಿದರು. ನಾನು ಇಪ್ಪತ್ತನೇ ವಯಸ್ಸಿಗೆ ಡಿಜೆ ರೂಮಿನಲ್ಲಿ ಮಾಡಿದ್ದನ್ನೇ ಇಡೀ ರಾಜ್ಯ ಮಾಡ್ತು. ವ್ಯತ್ಯಾಸ ಅಂದ್ರೆ ನಾನು ಅಕ್ಕನ ಪರ ಅಂದ್ಕೊಂಡು ಮಾಡಿದ್ದೆ. ಫಲ ಮಾತ್ರ ಒಂದೇ.

ಅದಕ್ಕೇ ಈಗ ಯಾವುದೇ ಬ್ರೇಕಪ್ ಹಾಡಿನ ರೀಮಿಕ್ಸ್ ಬಂದ್ರೆ ನಾನು ಮೊದಲು ನೋಡೋದು ಇಷ್ಟೇ. ಹೊಸದಾಗಿ ಬಂದ ದನಿ ಮೂಲ ಹಾಡಿನವಳ ಮಾತನ್ನ ಇನ್ನೂ ಗಟ್ಟಿಯಾಗಿ ಕೇಳಿಸುವಂತೆ ಮಾಡ್ತಿದೆಯಾ, ಇಲ್ಲಾ ಅವಳ ಮಾತಿನ ಮೇಲೆ ತನ್ನ ಮಾತು ಹಾಕ್ತಿದೆಯಾ? ‘ಐ ಡೋಂಟ್’ ಮೂಲ ಹಾಡು ನನ್ನ ಲೆಕ್ಕದಲ್ಲಿ ಅರ್ಧ ಪಾಸು. ರೀಮಿಕ್ಸ್ ಫೇಲು, ರೆಮಿ ಮಾ ಪ್ರತಿಭೆ ಕಡಿಮೆ ಅಂತಲ್ಲ, ಆ ಹೊತ್ತಿನ ಜಗಳ ಹಾಡಿಗಿಂತ ದೊಡ್ಡದಾಗಿತ್ತು ಅಂತ. ಶಕೀರಾ ಪಾಸು, ಕ್ಯಾಸಿಯೋಗೆ ಎರಡು ಮಾರ್ಕ್ಸ್ ಕಟ್. ಆದಿತ್ಯನಗರದ ಆ ಅನಾಮಧೇಯ ರ್‍ಯಾಪರ್‌ಗೆ ಸೊನ್ನೆ.

ಆ ಫೈಲು ನನ್ನ ಹತ್ತಿರ ಇಲ್ಲ. ಅಳಿಸಿದೆ. ಗ್ರೂಪಿನಲ್ಲಿದ್ದ ಯಾರದ್ದೋ ಹಳೇ ಫೋನಿನಲ್ಲಿ ಇನ್ನೂ ಇದ್ದೇ ಇರುತ್ತೆ. ಅದರಲ್ಲಿ ನಮ್ಮಕ್ಕ ಇನ್ನೂ ಕೂತು ಅಳ್ತಾ ಇರ್ತಾಳೆ. ಅದನ್ನ ವಾಪಸ್ ತರೋಕೆ ಆಗೋದಿಲ್ಲ. ಅತ್ತಿ, ಕಾಕಿ ಈಗ ಮಾತಾಡ್ತಾರೆ. ಅಪ್ಪ ರಿಟೈರ್ ಆಗಿ ಕಾಲೊನಿ ಬಿಟ್ಟು ಸೇಡಂನಲ್ಲಿ ಮನೆ ಮಾಡಿದಾರೆ. ಅಕ್ಕ ಹೈದರಾಬಾದಿನಲ್ಲೇ ಇದ್ದಾಳೆ, ಅದೇ ಊರು, ಬೇರೆ ಕೆಲಸ, ಚಲೋ ಇದ್ದಾಳೆ. ಅವಳ ಬಗ್ಗೆ ಇನ್ನೇನು ಹೇಳಬೇಕು ಅನ್ನೋದು ಅವಳ ಸರದಿ.

ಈ ಬರಹ ಬರೀಲಾ ಅಂತ ಫೋನಿನಲ್ಲಿ ಕೇಳಿದ್ದೆ. ಈ ಸಲ ಮೊದಲು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು:

‘ಬರಿ. ಆದ್ರ ಒಂದ್ ಕರಾರು. ಮೊದಲನೇ ಲೈನಿನ್ಯಾಗೇ ಬರೀಬೇಕು, ಬ್ಯಾಡ ಅಂದಾಕಿ ನಾನು ಅಂತ. ಪೂರಾ ಓದೋತನ ಯಾರು ಕಾಯ್ತಾರ?’